ಕೆಡವಿ ಕೊಡುವ ಅಂಗಡಿ

ಆ ಅಂಗಡಿಯಲ್ಲಿ ಗಾಡಿಯನ್ನು ಕೆಡವದೆ ಕೊಡುತ್ತಿರಲಿಲ್ಲ. ಗಿರಾಕಿ ಹೊಸ ಬೈಕನ್ನು ಹಸುಗೂಸಿನ ಹಾಗೆ ಒರೆಸಿ ತಂದಿದ್ದರೂ ಅಷ್ಟೇ. ಮೇಸ್ತ್ರಿ ರೇಡಿಯೇಟರಿಗೆ ಕಾಪು ಕಟ್ಟಿದ ಮೇಲೆ ಅದನ್ನು ಹಿತ್ತಲಿಗೆ ತಳ್ಳಿಕೊಂಡು ಹೋಗಿ, ಅಲ್ಲಿ ಹೂತಿಟ್ಟ ಚೂಪುಗಲ್ಲುಗಳ ಮೇಲೆ ಧೊಪ್ಪನೆ ಕೆಡವುತ್ತಿದ್ದ. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ಗಿರಾಕಿ ತಲೆ ಮೇಲೆ ಕೈ ಹೊತ್ತು ನಿಂತರೆ, "ಇಲ್ಲೇ ಅತ್ತುಬಿಡಪ್ಪ, ಪಂದ್ಯದಲ್ಲಿ ಅಳೋದು ತಪ್ಪುತ್ತೆ" ಎನ್ನುತ್ತಿದ್ದ.

ರಸ್ತೆಯ ಮೇಲೆ ಓಡುವ ಗಾಡಿಗಳಲ್ಲ ಅವು. ಕೆಸರು, ಬಂಡೆ, ಬೆಟ್ಟದ ಇಳಿಜಾರಿನಲ್ಲಿ ಪಂದ್ಯಕ್ಕೆ ಓಡಿಸುವ ಬೈಕುಗಳು. ಟ್ಯಾಂಕಿನ ಕೆಳಗೆ ಆ ಕಡೆ ಒಂದು, ಈ ಕಡೆ ಒಂದು ರೇಡಿಯೇಟರ್. ಎಂಜಿನ್ನಿನ ಬಿಸಿ ಇಳಿಸುವ ನೀರು ಹರಿಯುವುದು ಅದರಲ್ಲಿ. ಅದೋ ರಟ್ಟಿನಷ್ಟು ಮೆತ್ತಗಿನ ಲೋಹ. ಗಾಡಿ ಬಿದ್ದರೆ ಮೊದಲ ಪೆಟ್ಟು ಅದಕ್ಕೇ. ಆ ಪೆಟ್ಟು ತಡೆಯಲು ಮೇಸ್ತ್ರಿ ಲೋಹದ ಪಟ್ಟಿಗಳನ್ನು ಬಾಗಿಸಿ ಕಟ್ಟುತ್ತಿದ್ದ. ಪಟ್ಟಿಗಳ ನಡುವೆ ಗಾಳಿ ಆಡುವಷ್ಟು ಸಂದು, ಪಟ್ಟಿಗೂ ರೇಡಿಯೇಟರಿಗೂ ನಡುವೆ ಒಂದು ಬೆರಳು ಹೋಗುವಷ್ಟು ಎಡೆ. ಅದನ್ನು ಅವನು ಪಕ್ಕೆಲುಬು ಎಂದು ಕರೆಯುತ್ತಿದ್ದ. ಜನ ಅವನನ್ನೇ ಪಕ್ಕೆಲುಬು ಮೇಸ್ತ್ರಿ ಎಂದರು.

ಪ್ರಾಯದಲ್ಲಿ ಅವನೂ ಓಡಿಸಿದವನೇ. ಒಮ್ಮೆ ಬಿದ್ದಾಗ ರೇಡಿಯೇಟರ್ ಒಡೆದು ಕುದಿಯುವ ನೀರು ತೊಡೆಯ ಮೇಲೆ ಸುರಿದಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿ ಆ ತೊಡೆಯನ್ನು ನೋಡಿದಳು. ಬೆಂದು ಮುದುರಿದ ಚರ್ಮ. ಅವಳಿಗೆ ವಾಕರಿಕೆ ಬಂತು. ಮುಖ ತಿರುಗಿಸಿದಳು. ಅವನು "ನೋಡಬೇಡ ಬಿಡು" ಎಂದು ಪಂಚೆ ಎಳೆದುಕೊಂಡ. ಆಮೇಲೆ ಅದಕ್ಕೆ ಎಣ್ಣೆ ಸವರುತ್ತ ಸವರುತ್ತ ಆ ಅಸಹ್ಯ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಮಿಕ್ಕ ಅಸಹ್ಯ ಯಾವುದೂ ಹೋಗಲಿಲ್ಲ. ಗಾಡಿಗಳಿಂದ ಉದುರುವ ಕೊಳೆತ ಕೆಸರು. ಕಂಡಲ್ಲಿ ಉಗುಳುವ ಸವಾರರು. ಬಿದ್ದದ್ದನ್ನೇ ಗೆದ್ದ ಹಾಗೆ ಹೇಳಿಕೊಳ್ಳುವ ಬಾಯಿಗಳು. ಎಲ್ಲಕ್ಕಿಂತ ಹೆಚ್ಚಾಗಿ ರೇಡಿಯೇಟರಿನಿಂದ ಸೋರುವ ಆ ಹಸಿರು ನೀರು. ಸಿಹಿ ವಾಸನೆ ಅದಕ್ಕೆ. ಬೀದಿ ನಾಯಿಗಳು ಆಸೆಯಿಂದ ನೆಕ್ಕುತ್ತವೆ, ನೆಕ್ಕಿ ಸಾಯುತ್ತವೆ. ಹನಿ ಬಿದ್ದ ಕೂಡಲೇ ಅವಳು ಮರಳು ಸುರಿದು ಬಳಿಯುತ್ತಿದ್ದಳು. ಬಳಿಯುತ್ತ ಬೈಯುತ್ತಿದ್ದಳು. ಮೇಸ್ತ್ರಿ ನಗುತ್ತಿದ್ದ.

ಪಟ್ಟಿಗಳ ಅಂಚಿಗೆ ಅರ ಉಜ್ಜಿ ನುಣುಪು ಮಾಡುವುದು ಅವಳ ಕೆಲಸ. ಎರಡೂ ಮಗ್ಗುಲಿಗೆ ಬಿದ್ದು ಗಾಡಿ ಗಟ್ಟಿಯಾಗಿ ಎದ್ದ ಮೇಲೆಯೇ ಮೇಸ್ತ್ರಿ ಪಕ್ಕೆಲುಬಿನ ಮೇಲೆ ಚೂಪು ಮೂತಿಯ ಉಕ್ಕಿನ ಪಂಚು ಇಟ್ಟು, ಸುತ್ತಿಗೆಯಿಂದ ಮೂರು ಚುಕ್ಕಿ ಹೊಡೆಯುತ್ತಿದ್ದ. ಅದು ಅವನ ಗುರುತು.

ಅವನು ಬಿದ್ದು ಸಾಯಲಿಲ್ಲ. ಸ್ಟೂಲಿನ ಮೇಲೆ ಕೂತವನು ಗೋಡೆಗೆ ಒರಗಿದ. ತೂಕಡಿಸುತ್ತಿದ್ದಾನೆ ಅಂದುಕೊಂಡಳು. ಅರ ಉಜ್ಜಿದ ಪಟ್ಟಿಯನ್ನು ಅವನ ಮಡಿಲಲ್ಲಿಟ್ಟು "ನೋಡಿ, ಸರಿಯಿದೆಯಾ?" ಎಂದಳು. ಅವನು ನೋಡಲಿಲ್ಲ.

ಮಾತಾಡಿಸಲು ಬಂದ ನೆಂಟರು ಕಣ್ಣೊರೆಸಿಕೊಂಡರು. ಒರೆಸಿಕೊಂಡ ಕೈಯಲ್ಲೇ ಡ್ರಿಲ್ಲನ್ನು ಮುಟ್ಟಿ ನೋಡಿ, ಇದು ಯಾರ ಪಾಲಿಗೆ ಎಂದು ಕೇಳಿದರು. ಅವಳಿಗೆ ಅವರು ಕುಡಿದಿಟ್ಟ ಲೋಟ ತೊಳೆಯಲೂ ಹೇಸಿಗೆಯಾಯಿತು.

ಅಂಗಡಿ ಮೈದುನನ ಕೈಗೆ ಬಂತು. ಅವನು ಗೋಡೆಗೆ ಬಣ್ಣ ಬಳಿಸಿದ, ಕನ್ನಡಿ ತೂಗುಹಾಕಿದ. ಕೆಡವುವುದನ್ನು ನಿಲ್ಲಿಸಿದ. "ಯಾವ ಗಿರಾಕಿ ತನ್ನ ಗಾಡಿಗೆ ಗೀರು ಹಾಕಿಸ್ಕೊಳ್ಳೋಕೆ ಬರ್ತಾನೆ ಅತ್ತಿಗೆ? ಅಣ್ಣನಿಗೆ ವ್ಯಾಪಾರ ಗೊತ್ತಿರಲಿಲ್ಲ" ಎಂದ. ಅವನ ಬಾಯಿಂದ ಅಡಿಕೆಯ ರಸ ಗಲ್ಲಕ್ಕೆ ಇಳಿದಿತ್ತು.

ಒಂದು ಬೆಳಿಗ್ಗೆ, ಪಂದ್ಯದ ಹಿಂದಿನ ದಿನ, ಗೂಳಿ ಎಂದು ಹೆಸರಾದ ಸವಾರ ಕಾಪು ಕಟ್ಟಿಸಲು ಬಂದ. ಮೈದುನ ಕಟ್ಟಿ ಮುಗಿಸುವ ಹೊತ್ತಿಗೆ ಅವಳು ಗುಡಿಸುತ್ತಿದ್ದಳು. ಬಗ್ಗಿದಾಗ ಬೈಕಿನ ಅಡಿ ಕಣ್ಣಿಗೆ ಬಿತ್ತು. ಮೇಸ್ತ್ರಿಯ ಪಕ್ಕೆಲುಬಿಗೆ ಉದ್ದನೆಯ ತೋಳಿತ್ತು. ಅದು ಗಾಡಿಯ ಮೈ ಹೊರುವ ಚಾಸಿಯ ಕಬ್ಬಿಣಕ್ಕೆ ಹೋಗಿ ಕೂರುತ್ತಿತ್ತು. ಬಿದ್ದ ಪೆಟ್ಟನ್ನು ಚಾಸಿ ತಿನ್ನುತ್ತಿತ್ತು. ಮೈದುನ ಆ ತೋಳನ್ನೇ ಕೈಬಿಟ್ಟು, ತೆಳು ತಗಡನ್ನು ರೇಡಿಯೇಟರಿನ ಅಂಚಿಗೆ ಬೆಸೆದ ಕಿವಿಯಂಥ ತುಣುಕಿಗೇ ಬಿಗಿದಿದ್ದ. ಯಾರನ್ನು ಕಾಯಬೇಕೋ ಅವನ ಹೆಗಲ ಮೇಲೇ ಕಾವಲುಗಾರನನ್ನು ಹೊರಿಸಿದ ಹಾಗೆ. ತಗಡಿನ ಮೇಲೆ ಮೂರು ಚುಕ್ಕಿ ಮಿರಮಿರ ಮಿಂಚುತ್ತಿತ್ತು.

ಅವಳು ಪೊರಕೆ ಕೆಳಗಿಟ್ಟಳು.

"ಇದಕ್ಕೆ ಅವರ ಚುಕ್ಕಿ ಯಾಕೆ ಹೊಡ್ದೆ?"

"ಅತ್ತಿಗೆ, ನೀವು ಒಳಗೆ ಹೋಗಿ."

"ಕೆಡವಿದ್ಯಾ?"

ಮೈದುನ ಗೂಳಿಯ ಕಡೆ ನೋಡಿ ಹಲ್ಲು ಕಿರಿದ. "ಅಣ್ಣ ಹೋದಾಗಿಂದ ಪಾಪ, ತಲೆ ಅಷ್ಟು..."

"ನನ್ನ ತಲೆ ಇರ್ಲಿ. ಹಿತ್ತಲಿಗೆ ತಗೊಂಡು ಬಾ."

ಗೂಳಿ ಇಬ್ಬರನ್ನೂ ನೋಡಿದ. "ಏನಕ್ಕ ಇದು? ನಾಳೆ ಪಂದ್ಯ ಇದೆ ನಂಗೆ."

"ಅದಕ್ಕೇ ಇವತ್ತು ಬೀಳಿಸ್ಬೇಕು. ಅವರ ಚುಕ್ಕಿ ನಂಬ್ಕೊಂಡು ತಾನೇ ಬಂದಿದ್ದು? ಬೀಳದೆ ಇರೋದಕ್ಕೆ ಅವರು ಚುಕ್ಕಿ ಹೊಡೀತಿರಲಿಲ್ಲ."

ಗೂಳಿ ಗಾಡಿಯನ್ನು ಹಿತ್ತಲಿಗೆ ತಳ್ಳಿದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹ್ಯಾಂಡಲ್ ಹಿಡಿದು ಎಡಕ್ಕೆ ಕೆಡವಿದಳು. ಧೊಪ್ಪೆಂದಿತು. ಎತ್ತಿ ನೋಡಿದರು. ಏನೂ ಆಗಿರಲಿಲ್ಲ. ಹ್ಯಾಂಡಲಿನ ತುದಿ ಮೊದಲು ನೆಲಕ್ಕೆ ತಾಗಿ ಭಾರ ಹೊತ್ತಿತ್ತು.

ಮೈದುನ ಚಪ್ಪಾಳೆ ಹೊಡೆದು ನಕ್ಕ. "ನೋಡಿದ್ರಾ? ಹೆಂಗಸ್ರು ಸೌಟು ಹಿಡೀಬೇಕು, ಹ್ಯಾಂಡಲ್ ಅಲ್ಲ. ಗೀರು ಬಿದ್ದಿದ್ದಕ್ಕೆ ನನ್ನನ್ನ ಕೇಳ್ಬೇಡಪ್ಪ ಗೂಳಿ."

ಗೂಳಿ ಮುಖ ಗಂಟಿಕ್ಕಿದ. ಅವಳು ಮತ್ತೆ ಹ್ಯಾಂಡಲ್ ಹಿಡಿದಳು. ಇನ್ನೊಂದು ಮಗ್ಗುಲೂ ಗಟ್ಟಿ ನಿಂತರೆ ಈ ಅಂಗಡಿಯಲ್ಲಿ ಅವಳ ಮಾತಿಗೆ ಮೂರು ಕಾಸಿನ ಬೆಲೆಯೂ ಇರುವುದಿಲ್ಲ. ಗಂಡನ ಚುಕ್ಕಿ ಕಂಡ ಕಂಡ ತಗಡಿನ ಮೇಲೆಲ್ಲ ಬೀಳುತ್ತದೆ.

"ಅವರು ಎರಡೂ ಕಡೆ ಕೆಡವ್ತಿದ್ರು" ಎಂದಳು.

ಬಲಕ್ಕೆ ಕೆಡವಿದಳು. ಈ ಸಲ ಕಲ್ಲಿನ ಮೂಗು ನೇರ ತಗಡಿಗೆ ಬಡಿಯಿತು. ತಗಡು ಒಳಕ್ಕೆ ಮಡಚಿಕೊಂಡಿತು. ಮಡಚಿಕೊಳ್ಳುತ್ತ ರೇಡಿಯೇಟರಿನ ಕಿವಿಯನ್ನು ಹಿಡಿದು ಎಳೆಯಿತು. ಕಿವಿ ಬುಡಸಮೇತ ಕಿತ್ತು ಬಂತು. ಹಸಿರು ನೀರು ಬುಳಬುಳನೆ ಹರಿಯಿತು.

ಗಾಡಿ ಎತ್ತಿ ನಿಲ್ಲಿಸಿದರು. ಗೂಳಿ ಕೂತು ಆ ತೂತಿಗೆ ಬೆರಳಿಟ್ಟ. ಆಮೇಲೆ ತನ್ನ ತೊಡೆಯನ್ನು ನೋಡಿಕೊಂಡ. ಅದು ಬೆರಳಿಗೆ ಸರಿ ಎದುರಿಗಿತ್ತು.

"ಇವತ್ತು ತಣ್ಣಗಿದೆ" ಎಂದಳು ಅವಳು. "ನಾಳೆ ಕುದೀತಿರುತ್ತೆ."

ಗೂಳಿ ಎದ್ದು ಮೈದುನನ ಕಾಲರಿಗೆ ಕೈ ಹಾಕಿದ. ಅವನು "ಅತ್ತಿಗೆ, ಹೇಳಿ ಅತ್ತಿಗೆ" ಎಂದು ಅವಳ ಹಿಂದೆ ಸರಿದ. ಆ ರಸ ಸುರಿಯುವ ಬಾಯಿ ಅವಳ ಭುಜದ ಹತ್ತಿರ ಬಂತು. ಅವಳು ದೂರ ಸರಿದು ನಿಂತಳು.

"ಬಿಡಪ್ಪ, ಹೊಡೆದು ಕೈ ಯಾಕೆ ಹೊಲಸು ಮಾಡ್ಕೋತೀಯ? ಇವನು ಸಂಜೆ ಒಳಗೆ ಬೇರೆ ರೇಡಿಯೇಟರ್ ತಂದು ಹಾಕ್ತಾನೆ, ಇವನ ಖರ್ಚಲ್ಲೇ. ಪಕ್ಕೆಲುಬು ನಾನು ಕೊಡ್ತೀನಿ."

ಒಳಗೆ ಹೋಗಿ ಟ್ರಂಕಿನಿಂದ ಒಂದು ಜೊತೆ ತಂದಳು. ಮೇಸ್ತ್ರಿ ಕಡೆಯದಾಗಿ ಬಾಗಿಸಿದ್ದು. ಅವನ ಮಡಿಲಲ್ಲಿಟ್ಟ ಪಟ್ಟಿ ಅದರದ್ದೇ. ಅದಕ್ಕೆ ಚುಕ್ಕಿ ಇರಲಿಲ್ಲ.

"ಇದನ್ನ ಕಟ್ಟಿ ಎರಡೂ ಕಡೆ ಕೆಡವೋಣ. ನಿಂತರೆ ಚುಕ್ಕಿ ನಾನೇ ಹೊಡೀತೀನಿ. ಇನ್ಮೇಲೆ ಈ ಅಂಗಡೀಲಿ ಯಾರಿಗೇ ಆದ್ರೂ ನಾನೇ ಹೊಡೆಯೋದು." ಮೈದುನನ ಮುಂದೆ ಕೈ ಚಾಚಿದಳು. "ಪಂಚು ಕೊಡು."

ಅವನು ಜೇಬಿನಿಂದ ತೆಗೆದುಕೊಟ್ಟ. ಅದೂ ಅಂಟಂಟಾಗಿತ್ತು. ಅವಳು ಸೆರಗಿನಿಂದ ಒರೆಸಿದಳು. ಇನ್ನೊಮ್ಮೆ ಒರೆಸಿದಳು.

ಬೇಲಿಯ ಸಂದಿನಿಂದ ಒಂದು ನಾಯಿ ಮೂಗು ತೂರಿಸಿ, ಹಸಿರು ನೀರಿನ ಕಡೆ ಬರುತ್ತಿತ್ತು. ಅವಳು ಅದನ್ನು ಗದರಿಸಿ ಓಡಿಸಿದಳು. ಮರಳಿನ ಬಕೆಟ್ಟನ್ನು ಕಾಲಿನಿಂದ ಮೈದುನನ ಕಡೆ ನೂಕಿದಳು.

"ಸುರಿ. ಬಳಿ. ಅದು ನೆಕ್ಕೋಕೆ ಮುಂಚೆ ಬಳಿ."

ಅವನು ಬಗ್ಗಿದ.