ಗೆರೆ ಮೇಲೆ ಬಿದ್ದ ಚೆಂಡು

ಪ್ರತಿ ಶನಿವಾರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯ ಪಾರ್ಕಿನಲ್ಲಿ ನನ್ನ ಜೊತೆಗಾತಿಯಾಗಿ ಟೆನಿಸ್ ಆಡುತ್ತಿದ್ದ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಈ ವಸಂತದಲ್ಲಿ ತೀರಿಕೊಂಡರು. ಅಂದಿನಿಂದ ನನ್ನ ರಾಕೆಟ್ಟು ಕಾರಿನ ಟ್ರಂಕಿನಲ್ಲೇ ಬಿದ್ದಿತ್ತು. ಮತ್ತೆ ಆಡಲು ನನ್ನಿಂದ ಆದೀತೇ, ಗೊತ್ತಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದರೂ ಇಂಗ್ಲೆಂಡಿನಲ್ಲಿ ಸಕ್ಕರೆಗೆ ರೇಷನ್ ಇದ್ದ ಕಾಲದಲ್ಲಿ ಅವರು ಆಟಕ್ಕಿಳಿದವರು. ವಾರವೆಲ್ಲ ಟೈಪಿಸ್ಟ್ ಕೆಲಸ, ರಜೆ ಬಂದರೆ ಪಂದ್ಯ ನಡೆಯುವ ಊರಿಗೆ ರೈಲು. ಅಮೆಚೂರ್ ಆಟಗಾರರಿಗೆ ಆಗ ಗೆದ್ದರೂ ಕಾಸಿಲ್ಲ. ಒಂದು ಊರಲ್ಲಿ ಟೋಸ್ಟ್ ನಿಲ್ಲಿಸುವ ಬೆಳ್ಳಿ ಸ್ಟ್ಯಾಂಡು ಕೊಟ್ಟಿದ್ದರಂತೆ. ನಾನು ಅದರಲ್ಲಿ ಹಪ್ಪಳ ಜೋಡಿಸಿ ಇಟ್ಟಾಗ, "ಅಂತೂ ಇದಕ್ಕೊಂದು ಉಪಯೋಗ ಸಿಕ್ಕಿತು!" ಎಂದು ಕುರ್ಚಿ ಹಿಡಿದು ನಕ್ಕಿದ್ದರು.

ದೇಶದ ಅತಿ ದೊಡ್ಡ ಪಂದ್ಯದಲ್ಲಿ ಅವರು ಎರಡನೇ ಸುತ್ತಿನಲ್ಲಿ ಸೋತರು. ಎದುರಾಳಿಯ ಚೆಂಡು ಔಟ್ ಎಂದು ಅಂಪೈರು ಇವರ ಪರ ಕೂಗಿದ್ದನ್ನು ಇವರೇ ತಿದ್ದಿದರಂತೆ.

"ಅಯ್ಯೋ, ಯಾಕೆ?" ಎಂದೆ.

"ಚೆಂಡು ಒಳಗೇ ಬಿದ್ದಿತ್ತಲ್ಲ!"

ಆಮೇಲೆ ಮದುವೆ, ಕ್ಯಾಲಿಫೋರ್ನಿಯಾ, ಇದೇ ಪಾರ್ಕಿನಲ್ಲಿ ಮಕ್ಕಳಿಗೆ ಪಾಠ. ನನ್ನ ಮಗಳೂ ಅವರ ಶಿಷ್ಯೆ.

ನಮ್ಮ ಬಾಯಲ್ಲಿ ಇಂಗ್ಲಿಷಿಗೆಲ್ಲ ಒಂದು 'ಉ' ಅಂಟುತ್ತದೆ. ಚೆಂಡು ಗೆರೆ ದಾಟಿ ಬಿದ್ದರೆ ನಾನು 'ಔಟು', ಒಳಗೆ ಬಿದ್ದರೆ, ಗೆರೆಗೆ ತಾಗಿದರೂ ಸರಿ, 'ಇನ್ನು' ಎಂದೇ ಕೂಗುವುದು. ಎದುರಿಗೆ ಮಗಳ ಜೊತೆ ಆಡುತ್ತಿದ್ದ ನನ್ನ ಗಂಡ ಧಾರವಾಡದವರು. "ಇನ್ನು... ಏನು? ಮುಂದ ಹೇಳ!" ಎಂದು ಕಾಡುವರು.

ಅಜ್ಜಿ ಅರ್ಥ ಕೇಳಿದರು. "ಎಳೆದು ಹೇಳಿದರೆ, ಇನ್ನೂ ಇದೆ, ಮುಗಿದಿಲ್ಲ ಅಂತ," ಎಂದೆ. ಅಂದಿನಿಂದ ಅವರೂ 'ಇನ್ನೂ!' ಎಂದು ಎಳೆದೇ ಕೂಗುತ್ತಿದ್ದರು. ಅನುಮಾನದ ಚೆಂಡೆಲ್ಲ ನನ್ನ ಗಂಡನಿಗೆ ಔಟು, ಅಜ್ಜಿಗೆ ಇನ್ನೂ.

ಕಳೆದ ಶನಿವಾರ ಮಗಳು ಟ್ರಂಕಿನಿಂದ ರಾಕೆಟ್ಟು ತೆಗೆದು ಕೈಗಿಟ್ಟಳು. "ಕಮಾನ್ ಅಮ್ಮಾ, ಜಸ್ಟ್ ಒನ್ ಗೇಮ್." ಅಜ್ಜಿ ನಿಲ್ಲುತ್ತಿದ್ದ ಕಡೆ ಅವಳು ನಿಂತಳು. ಎದುರಿಗೆ ಗಂಡ ಒಬ್ಬರೇ. ಅಜ್ಜಿಯ ಜಾಗದ ಕಡೆ ನೋಡದೆ ಆಡಿದೆ. ಗೇಮು ನಮ್ಮದಾಗಲು ಒಂದೇ ಪಾಯಿಂಟು ಇದ್ದಾಗ ಅವರು ಹೊಡೆದ ಚೆಂಡು ನನ್ನ ಹಿಂದಿನ ಗೆರೆಯ ಹತ್ತಿರ ಬಿತ್ತು.

"ಔಟ್! ವಿ ವನ್!" ಮಗಳು ಕುಣಿದಳು.

ಅದು ಗೆರೆಯ ಅಂಚಿಗೆ ತಾಗಿದ್ದು ನನಗೆ ಕಂಡಿತ್ತು.

"ಇನ್ನೂ!" ಎಂದೆ. ಅಜ್ಜಿಯ ಹಾಗೆಯೇ ಎಳೆದು.

ಮಗಳು ಹಣೆ ಚಚ್ಚಿಕೊಂಡಳು. ಗಂಡ ಈ ಸಲ ಕಾಡಲಿಲ್ಲ. ಚೆಂಡು ಕೇಳಲು ಕೈ ಚಾಚಿ, "ಹಂಗಾರ ಆಡೋಣ," ಎಂದರು.

ಪಾಯಿಂಟು ಅವರಿಗೆ ಹೋದರೂ ಗೇಮು ಮುಗಿದಿರಲಿಲ್ಲ, ಸರ್ವು ನನ್ನದೇ ಇತ್ತು. ಚೆಂಡು ಅವರಿಗೆ ಕೊಡಲಿಲ್ಲ.