ನಾನು ಕೊಟ್ಟ ರೇಡಿಯೇಟರ್

ಬೀದಿಯವರೆಲ್ಲ ಅವನನ್ನು ಫ್ರಿಜ್ಜಣ್ಣ ಎನ್ನುತ್ತಿದ್ದರು. ಕೆಟ್ಟ ಫ್ರಿಜ್ಜುಗಳನ್ನು ರಿಪೇರಿ ಮಾಡುತ್ತಲೇ ಮೂವತ್ತು ವರ್ಷ ಕಳೆದ ನನ್ನ ಗೆಳೆಯ. ಹಗಲೆಲ್ಲ ಊರವರ ಹಾಲು, ತರಕಾರಿ ಕೆಡದಂತೆ ನೋಡಿಕೊಂಡು ಮನೆಗೆ ಬಂದರೆ, ಅಲ್ಲಿ ಅವನು ತಂಪು ಮಾಡುತ್ತಿದ್ದದ್ದು ಬಿಸ್ಕತ್ತಿನಷ್ಟಗಲದ ಒಂದು ವಸ್ತುವನ್ನು: ತನ್ನ ಕಂಪ್ಯೂಟರಿನ ಪ್ರೊಸೆಸರನ್ನು.

ಅದು ನಾಲ್ಕು ಗಿಗಾಹರ್ಟ್ಸ್ ವೇಗದಲ್ಲಿ ಓಡಲೆಂದು ತಯಾರಾದದ್ದು. ಇವನಿಗೆ ಐದರಲ್ಲಿ ಓಡಿಸಬೇಕು, ಅದೂ ಪೂರ್ತಿ ಒಂದು ಗಂಟೆ. ವೇಗ ಏರಿಸಿದಷ್ಟೂ ಅದು ಕಾದು, ಕೊನೆಗೆ ಕಂಪ್ಯೂಟರೇ ನಿಂತುಹೋಗುತ್ತದೆ. ಅದಕ್ಕೇ ನೀರು. ಪ್ರೊಸೆಸರಿನ ಮೇಲೆ ಕೂರಿಸಿದ ತಾಮ್ರದ ಬಿಲ್ಲೆಯೊಳಗೆ ಹರಿದು ಬಿಸಿಯಾದ ನೀರು, ಪಾರದರ್ಶಕ ಕೊಳವೆಗಳಲ್ಲಿ ರೇಡಿಯೇಟರಿಗೆ ಹೋಗಿ, ಫ್ಯಾನಿನ ಗಾಳಿಗೆ ತಣಿದು ಮರಳುತ್ತದೆ. ಎಲ್ಲವನ್ನೂ ಅವನೇ ಅಳೆದು, ಬಗ್ಗಿಸಿ, ಜೋಡಿಸಿದ್ದ.

ಏನಾದರೂ ಬಿಚ್ಚಿ ಕಟ್ಟಿದ ದಿನ ಪ್ರತಿ ಜೋಡಣೆಯ ಕೆಳಗೂ ಟಿಶ್ಯೂ ಕಾಗದ ಹಾಸಿ, ನೀರು ತಳ್ಳುವ ಪಂಪೊಂದನ್ನೇ ಓಡಿಸುತ್ತಿದ್ದ. ಒಂದು ದಿನ ಕಳೆದರೂ ಕಾಗದ ಒದ್ದೆಯಾಗದಿದ್ದರೆ ಮಾತ್ರ ಕಂಪ್ಯೂಟರಿಗೆ ಕರೆಂಟು. ಅಂಥ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ಕಿಟಕಿಯ ಬಿಸಿಲಿನಲ್ಲಿ ಕೂತು, ಅವನು ಬಣ್ಣ ಬೆರೆಸಿದ ನೀಲಿ ನೀರನ್ನು ನೋಡುತ್ತಿದ್ದೆವು. ಪಂಪಿನ ಸಣ್ಣ ಗುಂಯ್‌ಗುಡುವಿಕೆಗೆ ಕಣ್ಣೆವೆ ಭಾರವಾಗುತ್ತಿತ್ತು. ಗೋಡೆಯ ಮೇಲೆ ನೀರಿನ ನೆಳಲು ಅಲುಗುತ್ತ, ಕೋಣೆಯೇ ಯಾವುದೋ ಕೆರೆಯ ತಳದಲ್ಲಿದ್ದಂತೆ ತೋರುತ್ತಿತ್ತು. ಕೊಳವೆಯ ತಿರುವಿನಲ್ಲಿ ಸಿಕ್ಕಿಕೊಂಡ ಗುಳ್ಳೆಯನ್ನು ಬೆರಳಿನಿಂದ ತಟ್ಟಲು ಹೋದರೆ ತಡೆಯುತ್ತಿದ್ದ.

“ಅಟ್ಟಬೇಡ್ವೋ. ದಾರಿ ಗೊತ್ತಾದಾಗ ತಾನೇ ಹೋಗುತ್ತೆ.”

ಅತ್ತಿಗೆ, ಅಂದರೆ ಅವನ ಹೆಂಡತಿ, ಬಾಗಿಲಲ್ಲಿ ನಿಂತು ನಗುತ್ತಿದ್ದರು. “ಮೀನಿಲ್ಲದ ಅಕ್ವೇರಿಯಂ ಮುಂದೆ ಇಬ್ಬರು ಮುದುಕರು! ಅಲ್ಲಾ, ಐದಾದ್ರೆ ಏನಾಗುತ್ತೆ?”

“ಏನೂ ಆಗಲ್ಲ ಕಣೇ. ಐದಾಗುತ್ತೆ.”

ಆಗಲಿಲ್ಲ. ನಲವತ್ತು ನಿಮಿಷಕ್ಕೇ ನಿಂತುಹೋಗುತ್ತಿತ್ತು. ರೇಡಿಯೇಟರ್ ಚಿಕ್ಕದಾಯಿತು ಎಂದು ಅವನು ಒಮ್ಮೆ ಗೊಣಗಿದ್ದ; ಅವನಿಗೆ ಐವತ್ತು ತುಂಬಿದ ದಿನ ನಾನೊಂದು ದೊಡ್ಡ ರೇಡಿಯೇಟರ್ ತಂದುಕೊಟ್ಟೆ. ಪೆಟ್ಟಿಗೆಯಿಂದ ತೆಗೆದು, ಎರಡೂ ಕೈಯಲ್ಲಿ ತೂಗಿ ನೋಡಿ, ಮತ್ತೊಮ್ಮೆ ತೂಗಿದ. ಆಮೇಲೆ, “ಭರ್ಜರಿಯಾಗಿದೆ ಕಣೋ,” ಎಂದು ಅವತ್ತೇ ಜೋಡಿಸಿದ.

ಮೊದಲ ವಾರ ಐವತ್ತು ನಿಮಿಷ ಮುಟ್ಟಿತು. ಬರಬರುತ್ತ ಇಪ್ಪತ್ತಕ್ಕೆ ಇಳಿಯಿತು. “ನಿನ್ನ ಕೈಗುಣ ಫ್ರಿಜ್ಜಿಗೇ ಸರಿ,” ಎಂದು ನಾನು ಕಾಲೆಳೆಯುತ್ತಿದ್ದೆ. ಅವನು ನಗುತ್ತಿದ್ದ.

ಕಳೆದ ಬೇಸಿಗೆಯಲ್ಲಿ, ಯಾರದೋ ಮನೆಯ ಫ್ರಿಜ್ಜಿನ ಮುಂದೆ ಮಂಡಿಯೂರಿದವನು ಮತ್ತೆ ಏಳಲಿಲ್ಲ.

ಎರಡು ತಿಂಗಳಾದ ಮೇಲೆ ಅತ್ತಿಗೆ ಕರೆದರು. ಅವನ ಕಂಪ್ಯೂಟರನ್ನು ಅವರು ಆರಿಸಿರಲೇ ಇಲ್ಲ. ಆ ಸದ್ದಿಲ್ಲದೆ ಮನೆಯಲ್ಲಿ ಇರಲಾಗುವುದಿಲ್ಲ ಎಂದರು.

“ನೀರು ನೋಡಿ, ಬೆಳ್ಳಗಾಗಿಬಿಟ್ಟಿದೆ. ಹೀಗೇ ಬಿಟ್ರೆ ನಿಂತುಹೋಗುತ್ತೆ ಅಲ್ವಾ? ಅವರಿದ್ದಾಗ ತಿಂಗಳು ತಿಂಗಳೂ ಬದಲಾಯಿಸೋರು, ನೀವಿಲ್ಲದಾಗ.”

“ತಿಂಗಳು ತಿಂಗಳೂನಾ? ಯಾಕೆ?”

ಅವರು ಕಪಾಟಿನಿಂದ ಒಂದು ಪೆಟ್ಟಿಗೆ ತಂದಿಟ್ಟರು. ಒಳಗೆ ಅಷ್ಟೇ ದೊಡ್ಡ ಇನ್ನೊಂದು ರೇಡಿಯೇಟರ್, ತಾಮ್ರದ್ದು. ಸುತ್ತಿದ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ.

“ಅವರೇ ತಂದಿಟ್ಟಿದ್ದು. ಇಂಥದ್ದು ಹಾಕಬೇಕಿತ್ತಂತೆ. ನೀವು ಕೊಟ್ಟಿದ್ದು ಅಲ್ಯೂಮಿನಿಯಂ. ತಾಮ್ರದ ಜೊತೆ ಒಂದೇ ನೀರಲ್ಲಿದ್ರೆ ಅದು ಸವೆದು, ಪುಡಿ ಬಿದ್ದು ನೀರಿನ ದಾರಿ ಕಟ್ಟುತ್ತಂತೆ. ಹಾಗಾದ್ರೆ ತೆಗೀರಿ ಅಂದೆ. ‘ತೆಗೆದ್ರೆ ಅವನಿಗೆ ಗೊತ್ತಾಗುತ್ತೆ ಕಣೇ, ಇರಲಿ ಬಿಡು’ ಅಂದ್ರು.”

ಮೂವತ್ತು ವರ್ಷ ತಾಮ್ರದ ಕೊಳವೆ ಬೆಸೆದ ಕೈ. ತೂಗಿದ ಕ್ಷಣವೇ ತಿಳಿದಿತ್ತು. ನಾನು ಅಲ್ಲೇ ಕೂತು ಅತ್ತೆ. ಅತ್ತಿಗೆ ಸ್ಕ್ರೂ ಡ್ರೈವರ್ ತಂದು ಪಕ್ಕದಲ್ಲಿಟ್ಟರು.

ನನ್ನದನ್ನು ಬಿಚ್ಚಿದೆ. ತಾಮ್ರದ ಬಿಲ್ಲೆಯ ಸಂದುಗಳಲ್ಲಿ ಕೂತ ಬಿಳಿ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದೆ. ಅವನದನ್ನು ಜೋಡಿಸಿ, ನೀಲಿ ನೀರು ತುಂಬಿಸಿ, ಕಾಗದ ಹಾಸಿದೆ. ಮರುದಿನ ಮಧ್ಯಾಹ್ನ ಕಾಗದ ಒದ್ದೆಯಾಗಿರಲಿಲ್ಲ.

ವೇಗವನ್ನು ಐದಕ್ಕೆ ಏರಿಸಿದೆ. ಅತ್ತಿಗೆ ಅವನ ಕುರ್ಚಿಯಲ್ಲಿ ಕೂತರು. ಇಪ್ಪತ್ತು ನಿಮಿಷ ಕಳೆಯಿತು. ನಲವತ್ತು. ಗೋಡೆಯ ಮೇಲೆ ಮತ್ತೆ ನೀರು ಅಲುಗಿತು. ತಿರುವಿನಲ್ಲಿ ಒಂದು ಗುಳ್ಳೆ ನಿಂತಿತ್ತು, ನಾನು ಬೆರಳೆತ್ತಿದೆ.

“ಅಟ್ಟಬೇಡಿ,” ಎಂದರು ಅತ್ತಿಗೆ.

ಗಂಟೆ ತುಂಬಿತು.

“ಆಯ್ತಾ?”

“ಆಯ್ತು ಅತ್ತಿಗೆ. ಐದಾಯ್ತು.”

ಅವರು ತಲೆಯಾಡಿಸಿದರು. ಏನಾಗುತ್ತೆ ಎಂದು ಈ ಸಲ ಕೇಳಲಿಲ್ಲ. ತಿರುವಿನ ಕಡೆ ನೋಡಿದಾಗ ಗುಳ್ಳೆ ಇರಲಿಲ್ಲ.