ಮಾಸು ಹೂಳುತ್ತಿದ್ದವಳು

ಅವಳ ಬಲಭುಜ ಎಡಭುಜಕ್ಕಿಂತ ತಗ್ಗಾಗಿತ್ತು. ಚಿನ್ನದ ಗಣಿಯ ಊರಿನಲ್ಲಿ, ಮೈಸೂರು ಮೈನ್ಸಿನ ಕೂಲಿ ಲೈನ್ ಮನೆಯಲ್ಲಿ ಹುಟ್ಟಿದವಳು. ಚಿಕ್ಕಂದಿನಿಂದ ಬೀದಿ ನಲ್ಲಿಯ ನೀರು ಹೊತ್ತು ಹೊತ್ತು ಭುಜ ಹಾಗೇ ನಿಂತುಬಿಟ್ಟಿತ್ತು. ಕೈ ಖಾಲಿ ಇದ್ದಾಗಲೂ ಬಿಂದಿಗೆ ಹಿಡಿದವಳಂತೆ ನಡೆಯುತ್ತಿದ್ದಳು. ಕಾಮಸಮುದ್ರದ ಕಡೆಯ ನಮ್ಮ ಊರಿಗೆ, ನಮ್ಮ ಪಕ್ಕದ ಮನೆಯವನನ್ನು ಕಟ್ಟಿಕೊಂಡು ಬಂದಳು. ಗಂಡ ಸತ್ತ. ಮಕ್ಕಳಿರಲಿಲ್ಲ. ಅವಳು ಇಲ್ಲೇ ಉಳಿದಳು. ಕೊನೆಯವರೆಗೂ ಊರಿಗೆ ಅವಳು ‘ಮೈನ್ಸಿನವಳು’. ನಾನೂ ಹಾಗೇ ಕರೆದೆ.

ತಾನು ಸಾಕಿದ ನಾಯಿಯ ಜೊತೆ ತಮಿಳು, ನಮ್ಮ ಜೊತೆ ಕನ್ನಡ, ಜಗಳಕ್ಕೆ ತೆಲುಗು. “ಬೈಯೋಕೆ ಅದೇ ಸರಿ ಅಕ್ಕಾ, ಬಾಯಿ ತುಂಬುತ್ತೆ” ಅನ್ನುತ್ತಿದ್ದಳು. ಆ ನಾಯಿ ಒಂದು ಕೆಂದು ಬಣ್ಣದ ಹೆಣ್ಣು, ಹೆಸರು ಕೆಂದಿ. ನನಗೆ ನಾಯಿ ಅಂದರೆ ಆಗದು, ಅಂಗಳದಲ್ಲಿ ಕಂಡರೆ ಪೊರಕೆ ಎಸೆಯುತ್ತಿದ್ದೆ. ಆದರೆ ಅದು ರಾತ್ರಿ ಅವಳ ಮನೆಯನ್ನಷ್ಟೇ ಅಲ್ಲ, ಇಡೀ ಬೀದಿಯನ್ನು ಕಾಯುತ್ತಿತ್ತು. ಅದಕ್ಕೆ ಯಾರೂ ಒಂದು ತುತ್ತು ಹಾಕಿದವರಲ್ಲ.

ನಮ್ಮ ಕಡೆ ಹಸು ಕರು ಹಾಕಿದ ಮೇಲೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಎತ್ತರದಲ್ಲಿ ಕಟ್ಟುವುದು ಪದ್ಧತಿ. ಹಾಲು ಚೆನ್ನಾಗಿ ಇಳಿಯಲಿ ಅಂತ. ರಸ್ತೆ ಅಗಲ ಮಾಡುವಾಗ ಆಲದ ಮರ ಹೋಯಿತು. ಬೇರೆ ಮರ ಹುಡುಕುವಷ್ಟು ವ್ಯವಧಾನ ಯಾರಿಗಿತ್ತು? ಎಲ್ಲರೂ ತಿಪ್ಪೆಗೆ ಎಸೆಯಲು ಶುರುಮಾಡಿದರು. ಎಸೆದರೆ ನಾಯಿ ತಿನ್ನದೆ ಬಿಡುತ್ತದೆಯೇ? ಕೆಂದಿ ತಿಂದಿತು. ತಿಪ್ಪೆ ಚೊಕ್ಕಟವಾಯಿತು ಅಂತ ಎಲ್ಲರಿಗೂ ಸಂತೋಷ.

ಅದೇ ವರ್ಷ ಕೆಂದಿ ಮರಿ ಹಾಕಿತು. ಮರಿಗಳು ಕಣ್ಣು ಬಿಟ್ಟು ಓಡಾಡುವ ಹೊತ್ತಿಗೆ ಹಿಂಗಾಲು ಎಳೆಯತೊಡಗಿದವು. ಮೊದಲು ತೂರಾಡಿದವು, ಆಮೇಲೆ ಹಿಂದಿನ ಕಾಲು ಎರಡೂ ಕಟ್ಟಿಗೆಯಂತೆ ಸೆಟೆದು, ಮುಂಗಾಲಲ್ಲೇ ತೆವಳಿದವು. ಯಾರೋ ಹೊಡೆದಿರಬೇಕು ಎಂದರು. ಹುಚ್ಚು ಹಿಡಿದಿದೆ ಎಂದರು. ಒಂದೊಂದಾಗಿ ಸತ್ತು ಒಂದೇ ಮರಿ ಉಳಿಯಿತು, ಅದಕ್ಕೆ ಸೆಟೆದದ್ದು ಒಂದೇ ಹಿಂಗಾಲು. ಆಗಲೇ ನನ್ನ ಹಸುವೂ ತಿಂಗಳು ತುಂಬದೆ ಕಂದು ಹಾಕಿತು. ಸತ್ತ ಕರುವನ್ನು ಎತ್ತಲು ಬಂದವಳು ಮೈನ್ಸಿನವಳೇ. ನನ್ನ ಮಗ ಮೂಗು ಮುಚ್ಚಿಕೊಂಡು ಆಚೆ ನಿಂತಿದ್ದ.

ನಾನೂ ಅವಳೂ ಬಸ್ಸಿನಲ್ಲಿ ಬಂಗಾರಪೇಟೆಗೆ ಹೋದೆವು. ಮರಿ ಅವಳ ಮಡಿಲಲ್ಲಿ, ಸೆರಗಿನ ಒಳಗೆ. ಕಂಡಕ್ಟರ್ ಇಣುಕಿದ.

“ಏನಮ್ಮಾ ಅದು, ಮಗೂನಾ?”

“ಮೊಮ್ಮಗು ಸಾಮಿ. ಕಾಲು ಸರಿ ಇಲ್ಲ.”

ಮರಿ ಬೊಗಳಿತು. ಅವನು ನಕ್ಕು ಮುಂದೆ ಹೋದ.

ದನದ ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ಹುಡುಗಿ, ಆದರೆ ಗದರುವುದರಲ್ಲಿ ನನಗಿಂತ ಜೋರು. ಮರಿಯ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದಳು. ಮತ್ತೆ ಹೋದಾಗ ಕೂರಿಸಿಕೊಂಡು ಹೇಳಿದಳು: “ಹುಚ್ಚಲ್ಲ, ಏಟೂ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಪರಾವಲಂಬಿ ಜೀವಿ. ರೋಗ ಇರೋ ಹಸುವಿನ ಮಾಸು ತಿಂದ್ರೆ ನಾಯಿಗೆ ಬರುತ್ತೆ. ತಾಯಿಯಿಂದ ಹೊಟ್ಟೇಲಿರೋ ಮರಿಗೆ ಹೋಗಿ ನರ, ಮಾಂಸ ಎಲ್ಲ ತಿನ್ನುತ್ತೆ. ಮೊದಲು ಹಿಂಗಾಲೇ ಹೋಗೋದು. ಆ ನಾಯಿಯ ಹೇಲು ಮೇವಿಗೆ ಸೇರಿದ್ರೆ ಮತ್ತೆ ಹಸುವಿಗೆ. ಹಸು ಕಂದು ಹಾಕುತ್ತೆ. ನಾಯಿಗಳನ್ನ ಮೇವಿನ ಹತ್ತಿರ ಬಿಡಬೇಡಿ. ಮಾಸನ್ನ ಆಳವಾಗಿ ಹೂಳಿ.” ಮರಿಗೆ ಮಾತ್ರೆ ಕೊಟ್ಟಳು. ಬದುಕಬಹುದು, ಸೆಟೆದ ಕಾಲು ಮಾತ್ರ ಮತ್ತೆ ಮಡಚುವುದಿಲ್ಲ ಎಂದಳು.

ಡೈರಿಗೆ ಹಾಲು ಹಾಕುವಾಗ ಇದನ್ನೆಲ್ಲ ನಾನೇ ಹೇಳಿದೆ. ಮಾಸು ತಿಂದು ನಾಯಿ ಕೆಡುತ್ತದೆ, ನಾಯಿಯಿಂದ ಹಸು ಕೆಡುತ್ತದೆ ಎಂದು ಎರಡನ್ನೂ ಬಿಡಿಸಿ ಹೇಳಿದೆ. ಊರು ಕೇಳಿಸಿಕೊಂಡದ್ದು ಒಂದೇ.

“ಹಂಗಾದ್ರೆ ಮೈನ್ಸಿನವಳ ನಾಯಿಯಿಂದಾನೇ ನಮ್ ಹಸ ಕೆಟ್ಟಿರೋದು” ಎಂದ ಡೈರಿ ಸೆಕ್ರೆಟರಿ.

“ಮಾಸು ಎಸೆದೋರು ಯಾರ್ಲಾ?” ಎಂದೆ.

“ನೀ ಸುಮ್ಕಿರಜ್ಜೀ. ನಾಯಿ ಸಾಕಿದೋರು ಕಟ್ಟಾಕ್ಬೇಕಾಗಿತ್ತು.”

ಅವಳು ಆಗಲೇ ಕೆಂದಿಯನ್ನು ಕಟ್ಟಿಹಾಕಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಕಟ್ಟಿದ ಜಾಗದಲ್ಲೇ ಬಾಯಲ್ಲಿ ನೊರೆ ಬಂದು ಸತ್ತು ಬಿದ್ದಿತ್ತು. ಪಕ್ಕದಲ್ಲಿ ಕೋಳಿ ಮಾಂಸದ ಚೂರು. ಇಟ್ಟವನು ಯಾರೆಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವನಿಗೂ ಗೊತ್ತು; ಅವತ್ತು ಡೈರಿಯಲ್ಲಿ ತಲೆ ಎತ್ತದೆ ನನ್ನ ಹಾಲು ಅಳೆದ.

ಅವತ್ತು ಅವಳು ತೆಲುಗಿನಲ್ಲಿ ಬೈಯಲಿಲ್ಲ. ಹಾರೆ ತಂದು, ಸೀಬೆಗಿಡದ ಕೆಳಗೆ ಗುಂಡಿ ತೋಡಿ, ಕೆಂದಿಯನ್ನು ಹೂಳಿದಳು. ಆ ಹಾರೆಯನ್ನು ಮತ್ತೆ ಒಳಗಿಡಲಿಲ್ಲ.

ಮುಂದೆ ಊರಲ್ಲಿ ಯಾವ ಹಸು ಕರು ಹಾಕಲಿ, ತಗ್ಗು ಭುಜದ ಮೇಲೆ ಹಾರೆ, ಕೈಯಲ್ಲಿ ಬಿದಿರ ಬುಟ್ಟಿ, ಮಂಕರಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. “ಮಾಸು ಕೊಡಮ್ಮಾ.” ಸೆಕ್ರೆಟರಿಯ ಹೆಂಡತಿ ನಕ್ಕಳು: “ನಾಯಿ ಸತ್ತೋಯ್ತಲ್ಲ, ಇನ್ನು ನೀನೇ ತಿಂತೀಯಾ?” ಮೈನ್ಸಿನವಳು ಮಂಕರಿಯನ್ನು ಚಾಚಿಕೊಂಡೇ ನಿಂತಳು. ಕೊಟ್ಟ ಮೇಲೆ ತನ್ನ ಹಿತ್ತಲಿಗೆ ತಂದು, ಸೊಂಟದವರೆಗೆ ತೋಡಿ, ಹೂತು, ಮೇಲೆ ಕಲ್ಲು ಹೇರಿದಳು.

ನನಗೆ ತಡೆಯಲಾಗಲಿಲ್ಲ. “ನಿನಗೆ ಮಾನ ಇಲ್ವೇನೇ? ನಾಯಿಗೆ ವಿಷ ಇಕ್ಕಿದೋರ ಕಸ ಹೊರ್ತೀಯಲ್ಲ!” ಎಂದೆ.

“ಅವರಿಗೋಸ್ಕರ ಅಲ್ಲ ಅಕ್ಕಾ. ಕುಂಟ ಇದಾನಲ್ಲ, ಇವನು ತಿಂದ್ಬಿಟ್ರೆ?” ಎಂದಳು. ಕುಂಟ ಅಂದರೆ ಉಳಿದ ಮರಿ. ಮಾತ್ರೆಯಿಂದ ಬದುಕಿ, ಒಂದು ಹಿಂಗಾಲು ಸೆಟೆದುಕೊಂಡೇ ದೊಡ್ಡದಾಗಿತ್ತು. ಆಮೇಲೆ ನಕ್ಕಳು. “ನಮ್ಮಪ್ಪ ಮಣ್ಣೊಳಗಿಂದ ಚಿನ್ನ ತೆಗೆದ. ನಾನು ಇದನ್ನ ಒಳಗೆ ಇಕ್ತೀನಿ. ಎರಡಕ್ಕೂ ಯಾರೂ ಥ್ಯಾಂಕ್ಸ್ ಹೇಳಿಲ್ಲ.”

ಅವಳು ಹೂಳತೊಡಗಿದ ಮೇಲೆ ನನ್ನ ಹಸು ಮತ್ತೆ ಗಬ್ಬ ಕಟ್ಟಿ, ತಿಂಗಳು ತುಂಬಿ ಕರು ಹಾಕಿತು. ಆ ಕರು ಈಗ ಹಾಲು ಕೊಡುತ್ತಿದೆ. ನನ್ನ ಮನೆಯ ಕಾಫಿ ಅವಳ ಗುಂಡಿಗಳ ಋಣ.

ಈ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು, ಕೆಮ್ಮು ಎದೆಗೆ ಇಳಿಯಿತು, ಬಂಗಾರಪೇಟೆ ಆಸ್ಪತ್ರೆಯಿಂದ ಹೆಣವಾಗಿ ಬಂದಳು. ಊರೆಲ್ಲ ಬಂದು “ಒಳ್ಳೇ ಹೆಂಗಸು, ಪಾಪ” ಎಂದರು. ಇದ್ದಾಗ ಒಬ್ಬರ ಬಾಯಿಂದಲೂ ಆ ಮಾತು ಬಂದಿರಲಿಲ್ಲ. ಮಣ್ಣು ಮಾಡಿ ಬಂದು ಕೈತೊಳೆದವರು ಮತ್ತೆ ಮಾಸನ್ನು ತಿಪ್ಪೆಗೆ ಎಸೆಯಲು ಶುರುಮಾಡಿದರು.

ಮೊನ್ನೆ ಕುಂಟ ತಿಪ್ಪೆಯಿಂದ ಏನೋ ಎಳೆದುಕೊಂಡು ಬಂತು. ಕೋಲು ಬೀಸಿ ಬಿಡಿಸಿದೆ. ಹಸಿ ಮಾಸು. ಸೆಕ್ರೆಟರಿಯ ಹಸು ಬೆಳಿಗ್ಗೆ ಕರು ಹಾಕಿತ್ತು. ಅವಳ ಮಂಕರಿಯಲ್ಲೇ ಅದನ್ನು ತುಂಬಿ, ಅವನು ಕೂತು ತಿಂಡಿ ತಿನ್ನುತ್ತಿದ್ದ ಜಗಲಿಯ ಮೇಲೆ ಇಟ್ಟೆ.

“ಥೂ, ಏನಜ್ಜೀ ಇದು!”

“ನಿನ್ ಹಸದ್ದೇ ಕಣ್ಲಾ. ಹೊರೋಳು ಸತ್ತೋದ್ಲು. ನೀನೇ ಹೂಳು.”

ಹೆಂಡತಿ ಹೊರಗೆ ಬಂದಳು, ಅಕ್ಕಪಕ್ಕದವರು ಬಂದರು. ನಾನು ಅಲ್ಲಾಡಲಿಲ್ಲ. ಕೊನೆಗೆ ಎದ್ದ. ಮೈನ್ಸಿನವಳ ಹಾರೆಯನ್ನೇ ಕೈಗೆ ಕೊಟ್ಟೆ. ಅವನ ಹಿತ್ತಲಲ್ಲೇ ತೋಡಿಸಿದೆ. ಕುಂಟ ಹಿಂದೆಯೇ ಬಂದು, ಸೆಟೆದ ಕಾಲನ್ನು ಪಕ್ಕಕ್ಕೆ ಚಾಚಿಕೊಂಡು ಕೂತಿತು.

ಮೊಣಕಾಲುದ್ದ ತೋಡಿ ಬೆವರು ಒರೆಸಿಕೊಂಡ. “ಸಾಕಾ?” ಎಂದು ನನ್ನನ್ನು ಕೇಳಿದ.

“ನನ್ನೇನ್ ಕೇಳ್ತೀಯ? ಆ ನಾಯೀನ ಕೇಳ್ಲಾ” ಎಂದೆ.

ಅವನು ಕುಂಟನ ಕಾಲು ನೋಡಿದ. ಮತ್ತೆ ಹಾರೆ ಎತ್ತಿದ.